ಮುಕ್ತ ಪ್ರಕಟಣೆಯೂ ಇತಿಹಾಸಜ್ಞರ ಹಿಂಜರಿಕೆಯೂ

ಸಂಶೋಧನೆಯ ಫಲವು ಶುಲ್ಕವಿಲ್ಲದೆ ಸರ್ವರಿಗೂ ದೊರೆಯಬೇಕೆಂದು 2002ರ ಬುಡಾಪೆಸ್ಟ್ ಘೋಷಣೆಯು ಸಾರಿತು. ಮರುವರ್ಷದ ಬರ್ಲಿನ್ ಘೋಷಣೆಯು ವಿಜ್ಞಾನಗಳೊಡನೆ ಮಾನವಿಕ ಶಾಸ್ತ್ರಗಳನ್ನೂ ಹೆಸರಿಸಿತು. ಆದರೂ ಇತಿಹಾಸಜ್ಞರಲ್ಲಿ ಅನೇಕರು ಇದನ್ನು ಶಂಕೆಯಿಂದಲೇ ಕಂಡರು. ಈ ಶಂಕೆಯನ್ನು ಕೇವಲ ಸಂಪ್ರದಾಯಪ್ರಿಯತೆಯೆಂದು ತಳ್ಳಿಹಾಕುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

2013ರ ಜುಲೈಯಲ್ಲಿ ಅಮೆರಿಕದ ಇತಿಹಾಸ ಸಂಘವು, ಡಾಕ್ಟರೇಟ್ ಪ್ರಬಂಧವನ್ನು ಆರು ವರ್ಷಗಳವರೆಗೆ ಅಂತರ್ಜಾಲದಲ್ಲಿ ತೆರೆಯದಿರುವ ಸ್ವಾತಂತ್ರ್ಯವು ಅದರ ಕರ್ತೃವಿಗಿರಬೇಕೆಂದು ವಿಶ್ವವಿದ್ಯಾನಿಲಯಗಳಿಗೆ ಸೂಚಿಸಿತು. ಜ್ಞಾನಕ್ಕೆ ಬೀಗ ಹಾಕುವ ಯತ್ನವಿದೆಂದು ಟೀಕೆಗಳು ಬಂದವು. ಆದರೆ ಸಂಘದ ಕಾರಣವು ವಿಚಾರಯೋಗ್ಯವಾದುದು. ರಸಾಯನಶಾಸ್ತ್ರಜ್ಞನ ಹೆಸರು ಲೇಖನದಿಂದ ನಿಲ್ಲುತ್ತದೆ, ಇತಿಹಾಸಜ್ಞನದು ಗ್ರಂಥದಿಂದ. ಅಲ್ಲಿಯ ತರುಣ ಅಧ್ಯಾಪಕನ ಖಾಯಂ ಹುದ್ದೆಗೆ ಬಹುಮಟ್ಟಿಗೆ ಪ್ರಥಮ ಗ್ರಂಥವೇ ಆಧಾರ. ಅದರ ಮೂಲಪ್ರಬಂಧವು ಆಗಲೇ ಎಲ್ಲರ ಕೈಸೇರಿದ್ದರೆ ಪ್ರಕಾಶಕರು ಹಿಂಜರಿದಾರೆಂಬುದು ಅವನ ಭೀತಿ. ಇದು ಓದುಗರ ಮೇಲಣ ಅಸಡ್ಡೆಯಲ್ಲ, ಅನ್ನದ ಪ್ರಶ್ನೆ.

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿತು. ‘ಶೋಧಗಂಗಾ’ ಭಂಡಾರವು ಹೀಗೆ ಬೆಳೆಯಿತು. ಕರ್ನಾಟಕದ ಚರಿತ್ರೆಯನ್ನು ಅಭ್ಯಸಿಸುವವರಂತೂ ಮುಕ್ತ ಆಕರಗಳಿಗೆ ಋಣಿಗಳು. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಇಂದು ಅಂತರ್ಜಾಲದಿಂದ ಬಿಟ್ಟಿಯಾಗಿ ಪಡೆಯದವರು ವಿರಳ. ಆಕರವೆಲ್ಲ ಮುಕ್ತವಾಗಿರಲಿ, ನನ್ನ ಗ್ರಂಥವೊಂದು ಮಾತ್ರ ಮುಚ್ಚಿರಲಿ ಎಂಬ ನಿಲುವು ಸ್ವಲ್ಪ ವಿನೋದಕರವೇ ಸರಿ!

ಇನ್ನು ಲೇಖಕನೇ ಹಣ ತೆರುವ ಪದ್ಧತಿ. ಪ್ರಯೋಗಾಲಯದ ಅನುದಾನವುಳ್ಳವರಿಗೆ ಅದು ಸಾಧ್ಯ. ದಫ್ತರಖಾನೆಯಲ್ಲಿ ಒಂಟಿಯಾಗಿ ದುಡಿಯುವವನಿಗೆ ಎಲ್ಲಿಂದ ಬರಬೇಕು? 2015ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟಣೆ ಆರಂಭಿಸಿದ ಮಾನವಿಕಗಳ ಮುಕ್ತ ಗ್ರಂಥಾಲಯವು ಕರ್ತೃವಿನಿಂದ ಏನನ್ನೂ ಕೇಳದೆ, ಅನೇಕ ಗ್ರಂಥಾಲಯಗಳ ವಂತಿಗೆಯಿಂದ ಪತ್ರಿಕೆಗಳನ್ನು ನಡೆಸುತ್ತಿದೆ.