ಜ್ವರ ಬಂದಿಲ್ಲ, ಮತ್ತ ಸೋಂಕು ಹ್ಯಾಂಗ?

ಡಾಬಕಾದ ನಮ್ಮ ಕಾಕಾ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಕಾಲ. ವಾರಕ್ಕೆರಡು ಸಲ ಬೀದರಿಗೆ ಓಡಾಟ. ಕುತ್ತಿಗೆಯಲ್ಲೊಂದು ಗಂಟು ಕಾಣಿಸಿತು, ಊಟ ಸೇರದಾಯಿತು. ಡಾಕ್ಟರು ಸೋಂಕು ಇರಬಹುದು ಅಂದರು. ಕಾಕಾ ನನ್ನನ್ನು ಕೇಳಿದ್ದು: "ಜ್ವರ ಬಂದಿಲ್ಲ. ಬಿಳಿ ಕಣ ಎಂಟು ಸಾವಿರ ಅವ ಅಂತ ರಿಪೋರ್ಟಿನ್ಯಾಗ ಅದ. ಮತ್ತ ಸೋಂಕು ಹ್ಯಾಂಗೋ ತಮ್ಮಾ?"

ಆಗ ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಹುಡುಕುತ್ತಾ ಹೋದೆ...

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಕ್ನಿಕಾಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದ. ಮೈಯೊಳಗಿನ ಕಣಗಳು ಓಡಿಬಂದು ಮುಳ್ಳನ್ನು ಮುತ್ತಿಕೊಂಡವು. ನಮ್ಮ ಬಿಳಿ ಕಣಗಳ ಕೆಲಸವೂ ಅದೇ: ಓಡಬೇಕು, ನುಂಗಬೇಕು, ಕೊಲ್ಲಬೇಕು. ರಿಪೋರ್ಟು ಹೇಳುವುದು ಎಷ್ಟಿವೆ ಅಂತ ಮಾತ್ರ, ಕೆಲಸ ಮಾಡುತ್ತಿವೆಯೇ ಅಂತಲ್ಲ! ಕಿಡ್ನಿ ಸೋತಾಗ ರಕ್ತದಲ್ಲೇ ಉಳಿಯುವ ಕಲ್ಮಶ ಈ ಮೂರೂ ಕೆಲಸವನ್ನು ಮಂಕಾಗಿಸುತ್ತದೆ. ಎಷ್ಟೋ ಸಲ ಜ್ವರವೂ ಏರುವುದಿಲ್ಲ.

ನನ್ನನ್ನು ಬೆರಗುಗೊಳಿಸಿದ್ದು 1968ರ ಒಂದು ವರದಿ. ಕ್ಯಾಪ್ಲೋ ಮತ್ತು ಗಾಫಿನೆಟ್ ಎಂಬ ಅಮೆರಿಕದ ವೈದ್ಯರು ಡಯಾಲಿಸಿಸ್ ಶುರುವಾದ ಕೆಲವೇ ನಿಮಿಷಗಳಲ್ಲಿ ರಕ್ತದ ಬಿಳಿ ಕಣಗಳು ಮಾಯವಾಗುವುದನ್ನು ಕಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಹಾಜರ್! ಎಲ್ಲಿಗೆ ಹೋಗಿದ್ದವು? 1977ರಲ್ಲಿ ಕ್ರ್ಯಾಡಕ್ ತಂಡ ಕಾರಣ ಹೇಳಿತು: ಯಂತ್ರದ ಸೆಲ್ಯುಲೋಸ್ ಪೊರೆಗೆ ತಾಗಿದ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಕೆರಳಿ, ಬಿಳಿ ಕಣಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಅಂಟಿ ಕೂರುತ್ತವೆ. ಆಮೇಲೆ ಬಂದ ಸಿಂಥೆಟಿಕ್ ಪೊರೆಗಳಲ್ಲಿ ಈ ಕಾಟ ಬಹಳ ಕಡಿಮೆ.

ಲಿವರಿನದು ಇನ್ನೊಂದು ಪಾಡು. ಕರುಳಿನಿಂದ ಬರುವ ರಕ್ತದ ಬ್ಯಾಕ್ಟೀರಿಯಾಗಳನ್ನು ನುಂಗುವ ಕಣಗಳು ಅಲ್ಲಿವೆ. ಯಾರ ಹೆಸರು ಅವಕ್ಕಿದೆಯೋ ಆ ಕುಪ್ಫರ್ 1876ರಲ್ಲಿ ಹುಡುಕುತ್ತಿದ್ದದ್ದು ನರಗಳನ್ನು :) ಸಿರೋಸಿಸ್ ಆದರೆ ರಕ್ತ ಇವುಗಳನ್ನು ಬಳಸಿಕೊಂಡು ಹೋಗಿಬಿಡುತ್ತದೆ, ಲಿವರ್ ತಯಾರಿಸುವ ಕಾಂಪ್ಲಿಮೆಂಟೂ ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿ ತುಂಬಿದ ನೀರು ನೋವು-ಜ್ವರ ಇಲ್ಲದೆಯೂ ಕೆಡಬಹುದು.

ಮತ್ತೆ ಕಾಕಾನ ಗಂಟಿಗೆ ಬರೋಣ. 1960-61ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಸೋಂಕು ಅಳೆದದ್ದು ತೋಳಿಗೆ ಚುಚ್ಚುವ ಟ್ಯೂಬರ್ಕ್ಯುಲಿನ್ ಪರೀಕ್ಷೆಯಿಂದ. ಅಲ್ಲಿ ಬಾವು ಎಬ್ಬಿಸುವುದು ಲಿಂಫೊಸೈಟ್ ಎಂಬ ಬಿಳಿ ಕಣ. ಕಿಡ್ನಿ ಸೋತವರಲ್ಲಿ ಅದೂ ಸುಸ್ತು, ಹಾಗಾಗಿ ಟಿಬಿ ಇದ್ದರೂ ಬಾವು ಬಾರದಿರಬಹುದು. ಕಾಕಾನಿಗೂ ಬರಲಿಲ್ಲ. ಕೊನೆಗೆ ಗಂಟಿನಿಂದ ತೆಗೆದ ತುಣುಕಿನಲ್ಲಿ ಟಿಬಿ ಸಿಕ್ಕಿತು.

ಗುಳಿಗೆ ಶುರುವಾಗಿ ಒಂದು ತಿಂಗಳಿಗೆ ಕಾಕಿಯ ಫೋನು: "ಇವತ್ತ ತಾವೇ ಕೇಳಿ ಒಂದು ರೊಟ್ಟಿ ಉಂಡಾರ ನೋಡು."