ಉಸಿರಿನ ಅಳತೆಗೆ ಒದಗಿದ ಕಾಲಮಾನ

ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಚಿನ್‌ಸನ್ 1846ರಲ್ಲಿ ತನ್ನ ಸುದೀರ್ಘ ಪ್ರಬಂಧವನ್ನು ಪ್ರಕಟಿಸಿದಂದು, ಅಲ್ಲಿಯವರೆಗೆ ಕವಿಗಳಿಗೂ ಯೋಗಿಗಳಿಗೂ ಸೇರಿದ್ದ ಮನುಷ್ಯನ ಉಸಿರು ಘನ ಅಂಗುಲಗಳ ಲೆಕ್ಕಕ್ಕೆ ಇಳಿಯಿತು. ನೀರು ತುಂಬಿದ ಪಾತ್ರೆಯಲ್ಲಿ ಬೋರಲಾಗಿ ನಿಂತು, ರಾಟೆಯ ಮೇಲೆ ಹಾಯ್ದ ಹುರಿಗೆ ಕಟ್ಟಿದ ತೂಕಗಳಿಂದ ಸಮತೂಗಿದ ಒಂದು ಲೋಹದ ಗಂಟೆ. ಕೊಳವೆಯಿಂದ ಊದಿದಂತೆ ಅದು ಮೇಲೇಳುವುದು, ಎದ್ದ ಎತ್ತರವೇ ಗಾಳಿಯ ಪರಿಮಾಣ. ಈ ಸ್ಪೈರೋಮೀಟರಿಗೆ ಆತನು ನಾವಿಕರು, ಪೊಲೀಸರು, ಅಚ್ಚುಮೊಳೆ ಜೋಡಿಸುವವರು, ಜಟ್ಟಿಗಳು, ಗೃಹಸ್ಥರು, ನಿರ್ಗತಿಕರು ಎಂದು ಎರಡು ಸಾವಿರಕ್ಕೂ ಮಿಕ್ಕ ಜನರಿಂದ ಊದಿಸಿದನು. ದೈತ್ಯಕಾಯನನ್ನೂ ಕುಬ್ಜನನ್ನೂ ಬಿಡಲಿಲ್ಲ. ದೇಹದ ಎತ್ತರ ಅಂಗುಲವೊಂದು ಏರಿದರೆ ಉಸಿರು 8 ಘನ ಅಂಗುಲ ಏರುವುದೆಂದು ಕಂಡುಕೊಂಡನು. ಕ್ಷಯವನ್ನು ಅದು ತಲೆಯೆತ್ತುವ ಮೊದಲೇ ಹಿಡಿಯಬೇಕೆಂಬುದು ಆತನ ಹಂಬಲ. ಜೀವವಿಮೆಯವರಿಗೂ ಅದು ಬೇಕಾದ ವಿಷಯವೇ ಆಗಿತ್ತು.

ಆದರೆ ಉಬ್ಬಸದ ರೋಗಿಯ ಮುಂದೆ ಈ ಗಂಟೆ ಮೂಕವಾಗಬಹುದಿತ್ತು. ಕಿರುಗಂಠದ ಕೂಜೆ ಹಿಡಿಯುವ ನೀರು ಬಾಯಗಲದ ಕೊಡಕ್ಕಿಂತ ಕಡಿಮೆಯಿರಬೇಕಾಗಿಲ್ಲ, ಬರಿದಾಗಲು ಮಾತ್ರ ಹೊತ್ತು ಹಿಡಿಯುವುದು. ಹಾಗೆಯೇ ಶ್ವಾಸನಾಳ ಸಂಕುಚಿತವಾದವನು ಅವಕಾಶ ಕೊಟ್ಟರೆ ನಿಧಾನವಾಗಿ ಬಹುಪಾಲು ಗಾಳಿಯನ್ನು ಹೊರಹಾಕಿ, ಅಂಕಿಯ ಮಟ್ಟಿಗೆ ಆರೋಗ್ಯವಂತನೆನಿಸಿಕೊಳ್ಳಬಲ್ಲನು. ಎಷ್ಟು ಎಂದು ಕೇಳಿದ ಹಚಿನ್‌ಸನ್ ಎಷ್ಟು ಹೊತ್ತಿನಲ್ಲಿ ಎಂದು ಕೇಳಲಿಲ್ಲ. ತಿರುಗುವ ಉರುಳೆಯ ಮೇಲೆ ಕಾಲಾನುಸಾರವಾಗಿ ರೇಖೆ ಬರೆಯುವ ಉಪಕರಣ ಜರ್ಮನಿಯಲ್ಲಿ ಆ ದಶಕದಲ್ಲಿಯೇ ಸಿದ್ಧವಾಗಿದ್ದುದನ್ನು ನೆನೆದರೆ, ಇಲ್ಲದಿದ್ದುದು ಸಲಕರಣೆಯಲ್ಲ, ಪ್ರಶ್ನೆಯೆಂದೇ ಹೇಳಬೇಕಾಗುತ್ತದೆ. ಆತನಾದರೋ 1852ರಲ್ಲಿ ಆಸ್ಟ್ರೇಲಿಯಕ್ಕೆ ಹೊರಟುಹೋಗಿ, 1861ರಲ್ಲಿ ಫಿಜಿ ದ್ವೀಪದಲ್ಲಿ ಮಡಿದನು.

ಆ ಪ್ರಶ್ನೆಯನ್ನು ನೇರವಾಗಿ ಎತ್ತಿದವರು, ಒಂದು ಶತಮಾನ ಕಳೆದ ಮೇಲೆ, ಫ್ರಾನ್ಸಿನ ಟಿಫೆನೋ ಮತ್ತು ಪಿನೆಲ್ಲಿ. ಪೂರ್ಣವಾಗಿ ಉಸಿರೆಳೆದುಕೊಂಡು ಬಲವಂತವಾಗಿ ಊದಿದಾಗ ಮೊದಲನೆಯ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ ಒಟ್ಟು ಗಾಳಿಯ ಎಷ್ಟನೆಯ ಭಾಗವೆಂಬುದನ್ನು ಅವರು 1947ರಲ್ಲಿ ಪರೀಕ್ಷೆಯ ತಿರುಳಾಗಿಸಿದರು. ನಿರೋಗಿಯಾದ ವಯಸ್ಕನು ಸುಮಾರು ಮುಕ್ಕಾಲು ಪಾಲನ್ನು ಅಷ್ಟರಲ್ಲೇ ಹೊರದೂಡುವನು, ಉಬ್ಬಸದವನು ದೂಡಲಾರನು.

ಬಳಿಕ 1959ರಲ್ಲಿ, ಕಲ್ಲಿದ್ದಲ ಧೂಳಿನಿಂದ ಎದೆ ಕೆಟ್ಟ ಗಣಿಗಾರರನ್ನು ದಕ್ಷಿಣ ವೇಲ್ಸಿನಲ್ಲಿ ಪರೀಕ್ಷಿಸುತ್ತಿದ್ದ ಸಂಶೋಧನಾ ಕೇಂದ್ರದ ಮಾರ್ಟಿನ್ ರೈಟ್, ಮೆಕೆರೋ ಎಂಬವರೊಡನೆ, ನೀರೂ ಗಂಟೆಯೂ ಬೇಡದ, ಕೈಯಲ್ಲೇ ಹಿಡಿಯಬಹುದಾದ ಮಾಪಕವೊಂದನ್ನು ವಿವರಿಸಿದನು. ಊದಿದ ರಭಸಕ್ಕೆ ಒಳಗಿನ ಅಲಗು ಸ್ಪ್ರಿಂಗಿನ ವಿರುದ್ಧ ತಿರುಗಿ, ಪ್ರವಾಹದ ಪರಾಕಾಷ್ಠೆ ನಿಮಿಷಕ್ಕೆ ಎಷ್ಟು ಲೀಟರೆಂಬುದನ್ನು ತೋರಿಸುತ್ತಿತ್ತು. ಅದೇ ಕಾಲದಲ್ಲಿ ಅಮೆರಿಕದ ವೈದ್ಯರು, ಬಾಯಿ ಅಗಲವಾಗಿ ತೆರೆದು ಸುಮಾರು 6 ಅಂಗುಲ ದೂರದ ಉರಿವ ಬೆಂಕಿಕಡ್ಡಿಯನ್ನು ರೋಗಿ ಆರಿಸಬಲ್ಲನೇ ಎಂದು ನೋಡುವ ಕಾಸಿಲ್ಲದ ಪರೀಕ್ಷೆಯನ್ನೂ ಗಂಭೀರವಾಗಿ ಪರಿಶೀಲಿಸಿದರು.

ಅಡಚಣೆ ಎಲ್ಲಿದೆಯೆಂಬುದು ಇನ್ನೂ ಉಳಿದಿತ್ತು. ಎಂಪೀ ಎಂಬ ಆಂಗ್ಲ ವೈದ್ಯನು 1972ರಲ್ಲಿ ಹೊಸ ಯಂತ್ರವನ್ನೇನೂ ಕಟ್ಟದೆ, ಮೊದಲ ಸೆಕೆಂಡಿನ ಗಾಳಿಯನ್ನು ಮಿಲಿಲೀಟರಿನಲ್ಲಿ ಬರೆದು, ಆ ಅಂಕಿಯನ್ನು ರೈಟನ ಮಾಪಕದ ಅಂಕಿಯಿಂದ ಭಾಗಿಸಿದನು. ಭಾಗಲಬ್ಧ 10 ಅಥವಾ ಅದಕ್ಕಿಂತ ಮಿಗಿಲಾಗಿದ್ದರೆ, ಇಕ್ಕಟ್ಟು ಎದೆಯಾಳದ ಕಿರುನಾಳಗಳಲ್ಲಲ್ಲ, ಮೇಲಿನ ಗಂಟಲಿನಲ್ಲೋ ಹಿರಿಯ ಶ್ವಾಸನಾಳದಲ್ಲೋ ಇರುವುದೆಂದು ಸಂಶಯಪಡಬಹುದೆಂದು ತೋರಿಸಿದನು.