ಖಜಾನೆಯ ನೌಕರರ ನಕ್ಷತ್ರ ಲೆಕ್ಕ

ಖಗೋಳಶಾಸ್ತ್ರವೆಂದೊಡನೆ ಬೆಟ್ಟದ ಮೇಲಿನ ವೇಧಶಾಲೆ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಆ ಶಾಸ್ತ್ರದ ಚರಿತ್ರೆಯಲ್ಲಿ ಹವ್ಯಾಸಿಗಳ ಮನೆಯಂಗಳಕ್ಕೂ ಗೌರವದ ಸ್ಥಾನವುಂಟು. ರಾಧಾಗೋವಿಂದ ಚಂದ್ರರ ಜೀವನವೇ ಅದಕ್ಕೆ ಸಾಕ್ಷಿ.

ಈಗ ಬಾಂಗ್ಲಾದೇಶಕ್ಕೆ ಸೇರಿರುವ ಜೆಸ್ಸೋರಿನ ಕಡೆಯವರಾದ ಚಂದ್ರರು ಹುಟ್ಟಿದ್ದು 1878ರಲ್ಲಿ. ಬಾಲ್ಯದಲ್ಲಿ ಅವರ ಮನಸ್ಸನ್ನು ಆಕಾಶದತ್ತ ತಿರುಗಿಸಿದ್ದು ಒಂದು ಬಂಗಾಳಿ ಪಾಠ. ಅಕ್ಷಯಕುಮಾರ ದತ್ತರ ‘ಚಾರುಪಾಠ’ದಲ್ಲಿದ್ದ, ಬ್ರಹ್ಮಾಂಡದ ವಿಸ್ತಾರವನ್ನು ಕುರಿತ ಪ್ರಬಂಧ. ಶಾಲೆಯ ವಿದ್ಯೆ ಮಾತ್ರ ಅವರಿಗೆ ಒಲಿಯಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾಗಿ, ಕೊನೆಗೆ ಜಿಲ್ಲಾ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಸಣ್ಣ ನೌಕರಿ ಹಿಡಿದರು.

1910ರಲ್ಲಿ ಅವರು ಹ್ಯಾಲಿ ಧೂಮಕೇತುವನ್ನು ವೀಕ್ಷಿಸಿದರು. 1912ರಲ್ಲಿ ಮೂರು ಅಂಗುಲದ ದೂರದರ್ಶಕವೊಂದನ್ನು ತರಿಸಿಕೊಂಡರು. 1918ರ ಜೂನಿನಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಹಠಾತ್ತನೆ ಬೆಳಗಿದ ನವ್ಯತಾರೆಯನ್ನು ಕಂಡು, ಅದರ ವಿವರವನ್ನು ಅಮೆರಿಕದ ಹಾರ್ವರ್ಡ್ ವೇಧಶಾಲೆಗೆ ಬರೆದು ಕಳುಹಿಸಿದರು. ಕಾಂತಿ ಏರಿಳಿಯುವ ನಕ್ಷತ್ರಗಳನ್ನು ಕಾಯುವುದಕ್ಕೆಂದೇ 1911ರಲ್ಲಿ ಅಲ್ಲಿ ಹವ್ಯಾಸಿಗಳ ಸಂಘವೊಂದು ಹುಟ್ಟಿತ್ತು. ಚಂದ್ರರು ಅದರ ವೀಕ್ಷಕರಾದರು.

ಈ ಕೆಲಸದ ಕ್ರಮ ಸರಳ. ಏರಿಳಿಯುವ ನಕ್ಷತ್ರವನ್ನು ನೆರೆಯ ಸ್ಥಿರಕಾಂತಿಯ ನಕ್ಷತ್ರಗಳೊಡನೆ ಹೋಲಿಸಬೇಕು. ಅಂದಾಜನ್ನೂ ವೇಳೆಯನ್ನೂ ಬರೆದಿಡಬೇಕು. ಒಂದು ರಾತ್ರಿಯ ಟಿಪ್ಪಣಿಗೆ ಹೆಚ್ಚಿನ ಬೆಲೆಯಿಲ್ಲ; ವರ್ಷಗಳ ಟಿಪ್ಪಣಿಗಳು ಕೂಡಿದಾಗಲೇ ನಕ್ಷತ್ರದ ನಡೆ ತಿಳಿಯುವುದು. ಹಗಲು ನಾಣ್ಯಗಳನ್ನು ಒಂದರೊಡನೊಂದು ಹೋಲಿಸುತ್ತಿದ್ದ ಕಣ್ಣು ರಾತ್ರಿ ನಕ್ಷತ್ರಗಳನ್ನು ಹೋಲಿಸಿತು. 1954ರ ವೇಳೆಗೆ ಅವರು ಕಳುಹಿಸಿದ ವೀಕ್ಷಣೆಗಳು 37,000ವನ್ನು ಮೀರಿದ್ದವು.

ಅವರ ಶ್ರದ್ಧೆಯನ್ನು ಮೆಚ್ಚಿ ಸಂಘವು 1926ರಲ್ಲಿ, ಚಾರ್ಲ್ಸ್ ಎಲ್ಮರ್ ಅವರದಾಗಿದ್ದ ಆರು ಅಂಗುಲಕ್ಕೂ ತುಸು ದೊಡ್ಡದಾದ ದೂರದರ್ಶಕವನ್ನು ಅವರಿಗೆ ಎರವಲಾಗಿ ಕಳುಹಿಸಿತು. ಚಂದ್ರರ ಅನಂತರ ಅದು ವೈನು ಬಪ್ಪು ಅವರ ಕೈಸೇರಿ, ಮುಂದೆ ತಮಿಳುನಾಡಿನ ಕಾವಲೂರು ವೇಧಶಾಲೆಯನ್ನು ಮುಟ್ಟಿತು. ಆ ವೇಧಶಾಲೆಯನ್ನು ನಡೆಸುತ್ತಿರುವುದು ಬಪ್ಪು ಅವರೇ ಕಟ್ಟಿ ಬೆಳೆಸಿದ ಬೆಂಗಳೂರಿನ ಖಭೌತ ಸಂಸ್ಥೆ. ಚಂದ್ರರು ತೀರಿಕೊಂಡದ್ದು 1975ರಲ್ಲಿ.

ಕನ್ನಡ ಪಾಠ ಹೇಳುವ ನನಗೆ ಈ ಚರಿತ್ರೆಯಲ್ಲಿ ದೂರದರ್ಶಕಕ್ಕಿಂತಲೂ ಆ ಮೊದಲ ಪಾಠವೇ ದೊಡ್ಡದಾಗಿ ಕಾಣುತ್ತದೆ. ಅಂಕಪಟ್ಟಿಯನ್ನಷ್ಟೇ ನೋಡಿದವರು ಅದು ವ್ಯರ್ಥವಾಯಿತೆಂದು ತೀರ್ಮಾನಿಸಿಬಿಡುತ್ತಿದ್ದರು. ಪಠ್ಯಪುಸ್ತಕದಲ್ಲಿ ವಿಜ್ಞಾನದ ಪ್ರಬಂಧ ಬಂದಾಗ ಇದು ಭಾಷೆಯ ಪಾಠವಲ್ಲವೆಂದು ಹಾರಿಸಿ ಮುಂದೆ ಹೋಗುವ ಅಧ್ಯಾಪಕ ಮಿತ್ರರು ನಮ್ಮಲ್ಲಿಯೂ ಉಂಟು. ತಾಯ್ನುಡಿಯಲ್ಲಿ ಓದಿದ ನಾಲ್ಕು ಪುಟ ಯಾವ ಹುಡುಗನನ್ನು, ಯಾವ ಹುಡುಗಿಯನ್ನು ರಾತ್ರಿ ಅಂಗಳಕ್ಕೆ ಕರೆದೊಯ್ಯುವುದೋ, ಬಲ್ಲವರಾರು?